ಬಿಡುವಿನ ತಿಂಗಳುಗಳಲ್ಲಿ ಬೆಂಗಳೂರು ಎಫ್‌ಸಿ: ಬೆಳಗಾವಿಯ ಅಭಿಮಾನಿಯೊಬ್ಬನಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ 2013ರಲ್ಲಿ ಹುಟ್ಟಿದಾಗಿನಿಂದ ಅದರ ಆಟವನ್ನು ಬೆಳಗಾವಿಯಲ್ಲಿ ಕುಳಿತೇ ಬಿಡದೆ ನೋಡುತ್ತ ಬಂದಿದ್ದೇನೆ. ಲೀಗ್ ಮುಗಿದು ಮಳೆ ಹಿಡಿಯುವ ಹೊತ್ತಿಗೆ ತಿಳಕವಾಡಿಯ ಲೇಲೆ ಮೈದಾನದ ಗೆಳೆಯರು, ಕಚೇರಿಯ ಸಹೋದ್ಯೋಗಿಗಳು, ಈಗಷ್ಟೇ ಆಟ ನೋಡಲು ಶುರುಮಾಡಿದ ಅಕ್ಕನ ಮಕ್ಕಳು, ಹೀಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ: ಯಾರನ್ನು ಬಿಟ್ಟರು, ಯಾರನ್ನು ತಂದರು, ಏಕೆ? ಆ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇವು ಅಭಿಮಾನಿಯೊಬ್ಬನ ಅಭಿಪ್ರಾಯಗಳೇ ಹೊರತು ತಂಡದ ಮಾತುಗಳಲ್ಲ.

ಪಂದ್ಯಗಳೇ ಇಲ್ಲದ ತಿಂಗಳುಗಳಲ್ಲಿ ತಂಡಕ್ಕೆ ಏನು ಕೆಲಸವಿರುತ್ತದೆ?

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದು ವರ್ಷದ ಕೆಲವೇ ತಿಂಗಳು. ಹಂಗಾಮು ಮುಗಿದ ಮೇಲೆ ಗಾಣದ ರೋಲರುಗಳನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವ ಕೆಲಸ ಮಳೆಗಾಲದುದ್ದಕ್ಕೂ ನಡೆಯುತ್ತದೆ, ಮತ್ತು ಮುಂದಿನ ಹಂಗಾಮಿನಲ್ಲಿ ಕಾರ್ಖಾನೆ ಎಷ್ಟು ಸಲ ನಿಲ್ಲುತ್ತದೆ ಎಂಬುದು ಆಗಲೇ ನಿರ್ಧಾರವಾಗಿರುತ್ತದೆ. ಫುಟ್‌ಬಾಲ್ ತಂಡದ್ದೂ ಹಾಗೆಯೇ. ಒಪ್ಪಂದ ಮುಗಿಯುವ ಆಟಗಾರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳುಹಿಸಿಕೊಡಬೇಕು, ಕಿರಿಯರ ತಂಡದಿಂದ ಯಾರನ್ನು ಮೇಲಕ್ಕೆ ತರಬೇಕು, ಯಾರನ್ನು ಒಂದು ವರ್ಷದ ಮಟ್ಟಿಗೆ ಬೇರೆ ತಂಡಕ್ಕೆ ಲೋನ್ ಮೇಲೆ ಕೊಡಬೇಕು, ಕೋಚ್ ಮುಂದುವರಿಯಬೇಕೇ ಬೇಡವೇ ಎಂಬ ತೀರ್ಮಾನಗಳೆಲ್ಲ ಈ ಅವಧಿಯವು. ಇವು ಸರಿಯೋ ತಪ್ಪೋ ಎಂಬುದರ ಮೊದಲ ಸುಳಿವು ಸಾಮಾನ್ಯವಾಗಿ ಲೀಗ್‌ಗೆ ಮುಂಚೆ ನಡೆಯುವ ಡ್ಯುರಾಂಡ್ ಕಪ್‌ನಲ್ಲಿ ಸಿಗುತ್ತದೆ.

ಬೆಳಗಾವಿಗೆ ಗೋವಾ ಹತ್ತಿರ. ಹಾಗಿದ್ದರೂ ಬೆಂಗಳೂರಿನ ತಂಡವೇ ಏಕೆ?

ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣ ನಮಗೆ ಘಟ್ಟ ಇಳಿದರೆ ಸಿಗುವ ದೂರದಲ್ಲಿದೆ. ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕೆಂದರೆ ಐನೂರು ಕಿಲೋಮೀಟರು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ಪ್ರಯಾಣ. ಎಫ್‌ಸಿ ಗೋವಾವನ್ನು ಮೆಚ್ಚುವವರು ನಮ್ಮ ಊರಿನಲ್ಲಿ ಬಹಳ ಮಂದಿ ಇದ್ದಾರೆ, ಅವರ ಮೆಚ್ಚುಗೆಗೆ ಕಾರಣವೂ ಇದೆ. ಆದರೆ ರಾಷ್ಟ್ರಮಟ್ಟದ ಅಗ್ರ ಲೀಗ್‌ನಲ್ಲಿ ಕರ್ನಾಟಕದ ಹೆಸರು ಹೊತ್ತು ಆಡುವ ತಂಡ ಇದೊಂದೇ. ಆಡಿದ ಮೊದಲ ವರ್ಷವೇ, 2013-14ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಾಗ ಕ್ಯಾಂಪ್ ಭಾಗದ ಹುಡುಗರ ಬೆನ್ನ ಮೇಲೆ ನೀಲಿ ಜೆರ್ಸಿ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದೆ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ತಂಡ ಎನಿಸಿಕೊಂಡ ಮೇಲೆ ಈ ಅಕ್ಕರೆಗೆ ಬೇರೆ ಕಾರಣ ಬೇಕಾಗಲಿಲ್ಲ.

ನಿಮ್ಮ ಪ್ರಕಾರ ತಂಡ ಬಿಡುವಿನ ಅವಧಿಯಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಯಾವುದು?

2023ರ ಮಳೆಗಾಲದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ನನ್ನ ಉಳಿದ ಉತ್ತರಗಳೆಲ್ಲ ಈ ಒಂದು ಪಾಠದ ಮೇಲೆ ನಿಂತಿವೆ.

2022-23ರ ಐಎಸ್‌ಎಲ್‌ನ (ಈಗಿನ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ) ಅರ್ಧ ಹಾದಿಯವರೆಗೆ ತಂಡ ಪಟ್ಟಿಯ ತಳಭಾಗದಲ್ಲಿ ತೊಳಲಾಡುತ್ತಿತ್ತು. ಬಳಿಕ ಕೋಚ್ ಸೈಮನ್ ಗ್ರೇಸನ್ ಅವರಿಗೆ ತಮ್ಮ ಹನ್ನೊಂದು ಮಂದಿ ಯಾರೆಂಬುದು ಸ್ಪಷ್ಟವಾಯಿತು. ಅವರು ಆ ತಂಡವನ್ನು ಹೆಚ್ಚು ಕದಲಿಸದೆ ಆಡಿಸುತ್ತ ಹೋದರು, ಮತ್ತು ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ತಂಡ ಸಾಲಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೇರಿತು. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9-8ರಿಂದ ಮಣಿಸಿದಾಗ ಗೆಲುವಿನ ಗೋಲು ಹೊಡೆದವರು ಸಂದೇಶ್ ಜಿಂಗನ್. ಮಾರ್ಚ್ 18ರಂದು ಫತೋರ್ಡಾದಲ್ಲಿ ನಡೆದ ಫೈನಲ್‌ಗೆ ನಾವು ನಾಲ್ವರು ಚೋರ್ಲಾ ಘಟ್ಟದ ಮೂಲಕ ಹೋಗಿದ್ದೆವು. ಎದುರಾಳಿ ಎಟಿಕೆ ಮೋಹನ್ ಬಾಗಾನ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ತಮ್ಮ ಹಳೆಯ ತಂಡದ ವಿರುದ್ಧವೇ ತಲೆಯಿಂದ ಗೋಲು ಹೊಡೆದು 2-1ರ ಮುನ್ನಡೆ ತಂದಾಗ ಟ್ರೋಫಿ ನಮ್ಮದೇ ಎಂದುಕೊಂಡೆವು. ಕೆಲವೇ ನಿಮಿಷಗಳಲ್ಲಿ ಪೆನಾಲ್ಟಿ ಬಂತು, ಪಂದ್ಯ 2-2 ಆಯಿತು, ಶೂಟೌಟ್‌ನಲ್ಲಿ 4-3ರಿಂದ ಸೋತೆವು. ರಾತ್ರಿ ಘಟ್ಟ ಹತ್ತುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ; ಆದರೂ ಈ ತಂಡವೇ ಇನ್ನೊಂದು ವರ್ಷ ಒಟ್ಟಿಗೆ ಆಡಿದರೆ ಕಪ್ ಬಂದೇ ಬರುತ್ತದೆ ಎಂಬ ಭರವಸೆ ನಾಲ್ವರಿಗೂ ಇತ್ತು.

ಅದು ಒಟ್ಟಿಗೆ ಆಡಲಿಲ್ಲ. ಜಿಂಗನ್ ಮತ್ತು 2014ರಿಂದ ತಂಡದಲ್ಲಿದ್ದ ಉದಾಂತ ಸಿಂಗ್ ಎಫ್‌ಸಿ ಗೋವಾಕ್ಕೆ ಹೋದರು. ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ ಹೋದರು. ಅಲನ್ ಕೋಸ್ಟಾ ಮತ್ತು ಬ್ರೂನೊ ರಾಮಿರೆಸ್ ಕೂಡ ಹೊರಟರು. ಅಂದರೆ ಆ ರಾತ್ರಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಮುಂದೆ ನಿಂತಿದ್ದ ರಕ್ಷಣಾ ಪಂಕ್ತಿಯ ಬಹುಪಾಲು ಒಂದೇ ಬಿಡುವಿನಲ್ಲಿ ಕರಗಿಹೋಯಿತು, ಜೊತೆಗೆ ಮುಂಚೂಣಿಯ ಆಟಗಾರನೂ ಹೋದರು. ಅವರ ಜಾಗಕ್ಕೆ ಸ್ಲಾವ್ಕೊ ದಮ್ಯಾನೊವಿಚ್, ಜೆಸೆಲ್ ಕಾರ್ನೆರೊ, ಕರ್ಟಿಸ್ ಮೇನ್ ಮೊದಲಾದವರು ಬಂದರು. ಬಂದವರು ಕೆಟ್ಟ ಆಟಗಾರರೆಂದು ನಾನು ಹೇಳುತ್ತಿಲ್ಲ. ಒಬ್ಬರಿಗೊಬ್ಬರು ಹೊಸಬರಾದ ನಾಲ್ವರು ಡಿಫೆಂಡರ್‌ಗಳು ಯಾರು ಮುಂದೆ ನುಗ್ಗಬೇಕು, ಯಾರು ಹಿಂದೆ ಉಳಿಯಬೇಕು ಎಂಬುದನ್ನು ಕಣ್ಸನ್ನೆಯಲ್ಲೇ ಅರಿಯುವಷ್ಟು ಹೊಂದಿಕೊಳ್ಳಲು ಬಹಳ ಪಂದ್ಯಗಳು ಬೇಕು, ಮತ್ತು ಆ ಪಂದ್ಯಗಳೆಲ್ಲ ಲೀಗ್‌ನ ಅಂಕಗಳ ಲೆಕ್ಕದಲ್ಲೇ ಹೋಗುತ್ತವೆ. ಡಿಸೆಂಬರ್‌ನಲ್ಲಿ ತವರಿನಲ್ಲೇ ಮುಂಬೈ ಸಿಟಿಯ ಎದುರು 4-0ರಿಂದ ಸೋತ ಮೇಲೆ ಗ್ರೇಸನ್ ಅವರನ್ನು ಕೈಬಿಡಲಾಯಿತು. ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರಾದೆವು.

ಲೇಲೆ ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸುವ ಹಿರಿಯರೊಬ್ಬರು ಆಗ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ತಮ್ಮಾ, ಟೊಂಗಿ ಎಷ್ಟರ ಕಡೀಲಿ, ಮತ್ತ ಚಿಗೀತದ. ಬೊಡ್ಡಿಗೇ ಕೊಡ್ಲಿ ಹಚ್ಚಿದ್ರ ಹೆಂಗ?”

ರಾಯ್ ಕೃಷ್ಣ ಅವರಿಗೆ ವಯಸ್ಸಾಗಿತ್ತಲ್ಲ? ಅವರನ್ನು ಬಿಟ್ಟದ್ದು ಸರಿಯಲ್ಲವೇ?

ಮೂವತ್ತಾರರ ಹೊಸ್ತಿಲಲ್ಲಿದ್ದ ಸ್ಟ್ರೈಕರ್‌ಗೆ ದೀರ್ಘ ಒಪ್ಪಂದ ಕೊಡಲು ಹಿಂಜರಿಯುವುದು ಸಹಜ. ಆದರೆ ಅವರು ಮರುವರ್ಷ ಒಡಿಶಾ ಪರವಾಗಿ 13 ಗೋಲು ಹೊಡೆದರು, ಆ ಋತುವಿನಲ್ಲಿ ಅದಕ್ಕಿಂತ ಹೆಚ್ಚು ಗೋಲು ಹೊಡೆದವರು ಯಾರೂ ಇಲ್ಲ. ಹೊಡೆಯುವವರ ವಯಸ್ಸನ್ನು ಮಾತ್ರ ನೋಡಿ, ಅವರಿಗೆ ಚೆಂಡು ತಲುಪಿಸುವವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ನೋಡದಿದ್ದರೆ ಇಂಥ ಲೆಕ್ಕ ತಪ್ಪುತ್ತದೆ. ಅವರನ್ನೊಬ್ಬರನ್ನೇ ಬಿಟ್ಟು ಉಳಿದ ತಂಡವನ್ನು ಹಿಡಿದಿಟ್ಟಿದ್ದರೆ ನಾನು ಈ ತೀರ್ಮಾನವನ್ನು ಆಕ್ಷೇಪಿಸುತ್ತಿರಲಿಲ್ಲ.

ಕಪ್ ಗೆದ್ದ ವರ್ಷದ ಬಿಡುವಿನಲ್ಲಿ ಏನಾಗಿತ್ತು?

2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿನಿಂದ ಎಫ್‌ಸಿ ಗೋವಾವನ್ನು 1-0ರಿಂದ ಮಣಿಸಿ ಐಎಸ್‌ಎಲ್ ಗೆದ್ದೆವು. ಆ ಬಿಡುವಿನಲ್ಲಿ ವೆನೆಜುವೆಲಾದ ಮಿಕು ತಂಡವನ್ನು ಬಿಟ್ಟರು. 2017-18ರಲ್ಲಿ ಅವರೊಬ್ಬರೇ 15 ಗೋಲು ಹೊಡೆದಿದ್ದರು. ಎದುರಾಳಿ ಡಿಫೆಂಡರ್‌ಗಳು ಅವರತ್ತ ಸೆಳೆಯಲ್ಪಟ್ಟದ್ದರಿಂದ ಸುನಿಲ್ ಚೆಟ್ರಿ ಅವರಿಗೆ ಎಡಭಾಗದಲ್ಲಿ ಜಾಗ ಸಿಗುತ್ತಿತ್ತು. ಅವರ ಬದಲಿಗೆ ಬಂದ ಮಾನ್ಯುಯೆಲ್ ಒನ್ವು ನಮ್ಮಲ್ಲಿ ನೆಲೆಯೂರಲಿಲ್ಲ, ಜನವರಿಯಲ್ಲಿ ಅವರನ್ನು ಲೋನ್ ಮೇಲೆ ಒಡಿಶಾಕ್ಕೆ ಕಳುಹಿಸಲಾಯಿತು, ಅಲ್ಲಿ ಅವರು ಸರಸರನೆ ಗೋಲು ಹೊಡೆದರು. ಆ ವರ್ಷವೂ ತಂಡ ಸೆಮಿಫೈನಲ್ ತಲುಪಿತು, ಏಕೆಂದರೆ ಹಿಂಭಾಗ ಗಟ್ಟಿಯಾಗಿತ್ತು. ಅದೇ ಬಿಡುವಿನಲ್ಲಿ ಸುರೇಶ್ ಸಿಂಗ್ ವಾಂಗ್ಜಂ ಎಂಬ ಹದಿಹರೆಯದ ಮಿಡ್‌ಫೀಲ್ಡರ್ ಬಂದರು. ಹೆಚ್ಚು ಸದ್ದಿಲ್ಲದೆ ನಡೆದ ಆ ಸೇರ್ಪಡೆಯ ಫಲವನ್ನು ತಂಡ ವರ್ಷಗಟ್ಟಲೆ ಉಂಡಿದೆ.

2024ರಲ್ಲಿ ಏನು ಸರಿಹೋಯಿತು?

ನಿಜ ಹೇಳಬೇಕೆಂದರೆ ದುರಸ್ತಿ 2024ರ ಜನವರಿಯಲ್ಲೇ ಶುರುವಾಗಿತ್ತು. ಹೈದರಾಬಾದ್ ಎಫ್‌ಸಿಯಿಂದ ಚಿಂಗ್ಲೆನ್‌ಸಾನಾ ಸಿಂಗ್ ಮತ್ತು ನಿಖಿಲ್ ಪೂಜಾರಿ ಬಂದರು. ಮಳೆಗಾಲದಲ್ಲಿ ರಾಹುಲ್ ಭೆಕೆ ಮುಂಬೈಯಿಂದ ಮರಳಿದರು. 2021ರಲ್ಲಿ ಅವರನ್ನು ಬಿಟ್ಟುಕೊಟ್ಟದ್ದೇ ತಪ್ಪೆಂದು ನಂಬಿದವನು ನಾನು, ಆದ್ದರಿಂದ ಆ ಸುದ್ದಿ ಬಂದ ದಿನ ನನಗೆ ಹಬ್ಬದಂತಿತ್ತು. ಮುಂಬೈ ಸಿಟಿಯಿಂದಲೇ ಆಲ್ಬರ್ಟೊ ನೊಗುವೆರಾ ಮತ್ತು ಹೋರ್ಹೆ ಪೆರೇರಾ ದಿಯಾಸ್ ಬಂದರು, ಸ್ಪೇನ್‌ನವರಾದ ಎಡ್ಗರ್ ಮೆಂಡೆಜ್ ಮತ್ತು ಪೆಡ್ರೊ ಕಾಪೊ ಬಂದರು.

ಈ ಪಟ್ಟಿಯೂ ಉದ್ದವೇ, ಹಾಗಾದರೆ 2023ಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಹಲವರು ಕೇಳಿದ್ದಾರೆ. ವ್ಯತ್ಯಾಸ ಮೂರು ಬಗೆಯದು. ಮೊದಲನೆಯದಾಗಿ, ಇವರಲ್ಲಿ ಹೆಚ್ಚಿನವರಿಗೆ ಐಎಸ್‌ಎಲ್ ಗೊತ್ತಿತ್ತು; ನಮ್ಮ ಸೆಕೆ, ನಮ್ಮ ಮೈದಾನಗಳು, ಗುವಾಹಟಿಯಿಂದ ಕೊಚ್ಚಿಯವರೆಗಿನ ಅಲೆದಾಟ ಅವರಿಗೆ ಹೊಸತಲ್ಲ. ಎರಡನೆಯದಾಗಿ, ನೊಗುವೆರಾ, ದಿಯಾಸ್, ಭೆಕೆ ಮೂವರೂ ಒಂದೇ ತಂಡದಲ್ಲಿ ಒಟ್ಟಿಗೆ ಆಡಿ ಬಂದವರು, ಹಾಗಾಗಿ ಹೊಂದಾಣಿಕೆಯನ್ನೂ ಜೊತೆಗೆ ಹೊತ್ತು ತಂದರು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಗುರ್‌ಪ್ರೀತ್, ಸುರೇಶ್, ನವೊರೆಮ್ ರೋಷನ್ ಸಿಂಗ್, ಚೆಟ್ರಿ ಈ ನಾಲ್ವರೂ ಇದ್ದಲ್ಲೇ ಇದ್ದರು. ಹೊಸಬರು ಬಂದು ಸೇರಿಕೊಳ್ಳಲು ಒಂದು ಮನೆ ಇತ್ತು.

ಫಲ ಎಲ್ಲರಿಗೂ ಗೊತ್ತಿರುವುದೇ. 2024-25ರಲ್ಲಿ 24 ಪಂದ್ಯಗಳಿಂದ 38 ಅಂಕ, ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು ಕಂಠೀರವದಲ್ಲಿ 5-0ರಿಂದ ಸೋಲಿಸಿದಾಗ ಐದು ಗೋಲುಗಳನ್ನೂ ಐವರು ಬೇರೆ ಬೇರೆ ಆಟಗಾರರು ಹೊಡೆದರು. ಎಫ್‌ಸಿ ಗೋವಾ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯ 2-0ರಿಂದ ನಮ್ಮದಾಯಿತು. ಎರಡನೆಯದರಲ್ಲಿ ಫತೋರ್ಡಾದಲ್ಲಿ ಗೋವಾ 2-0 ಮುಂದಿದ್ದು, ಒಟ್ಟು ಲೆಕ್ಕ ಸಮವಾಗಿದ್ದಾಗ, ತೊಂಬತ್ತು ನಿಮಿಷ ಕಳೆದ ಮೇಲೆ ಚೆಟ್ರಿ ತಲೆಯಿಂದ ಹೊಡೆದ ಗೋಲು ತಂಡವನ್ನು ಫೈನಲ್‌ಗೆ ಒಯ್ದಿತು. ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಮೊದಲು ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಕಪ್ ಬರಲಿಲ್ಲವೆಂದು ಆ ಬಿಡುವಿನ ತೀರ್ಮಾನಗಳನ್ನು ಕಡಿಮೆ ಎಣಿಸಲಾರೆ. ಹತ್ತನೇ ಸ್ಥಾನದಿಂದ ಒಂದೇ ವರ್ಷದಲ್ಲಿ ಫೈನಲ್‌ಗೆ ಬರುವುದು ಸಣ್ಣ ಸಾಧನೆಯಲ್ಲ.

ಕೋಚ್ ಬದಲಾಯಿಸುವ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು?

ಈ ತಂಡದ ಚರಿತ್ರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಆಶ್ಲೆ ವೆಸ್ಟ್‌ವುಡ್ ಮೂರು ಋತುಗಳಲ್ಲಿ ಎರಡು ಐ-ಲೀಗ್ ಮತ್ತು ಒಂದು ಫೆಡರೇಶನ್ ಕಪ್ ಗೆಲ್ಲಿಸಿದರು. ಅವರ ಬಳಿಕ ಬಂದ ಆಲ್ಬರ್ಟ್ ರೋಕಾ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ರೋಕಾ ಹೊರಟಾಗ, 2018ರಲ್ಲಿ, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಹೊಣೆ ಕೊಟ್ಟರು, ಮರುವರ್ಷವೇ ಐಎಸ್‌ಎಲ್ ಬಂತು. ಆಟದ ಶೈಲಿ ಮುರಿಯದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದೇ ಅದಕ್ಕೆ ಕಾರಣವೆಂದು ನಾನು ನಂಬಿದ್ದೇನೆ. 2021ರ ಜನವರಿಯಲ್ಲಿ ಕ್ವಾಡ್ರಾಟ್ ಅವರನ್ನು ಕಳುಹಿಸಿದ ಮೇಲೆ ನೌಷಾದ್ ಮೂಸಾ, ಮಾರ್ಕೊ ಪೆಝಾಯೊಲಿ, ಗ್ರೇಸನ್ ಹೀಗೆ ಕೈಗಳು ಬೇಗಬೇಗ ಬದಲಾದವು. ಗ್ರೇಸನ್ 2022ರ ಡ್ಯುರಾಂಡ್ ಕಪ್ ಗೆಲ್ಲಿಸಿಕೊಟ್ಟರು ಎಂಬುದನ್ನು ಮರೆಯಬಾರದು. ಆದರೆ ಬದಲಾದ ಪ್ರತಿ ಕೋಚ್ ತಮ್ಮ ಬಗೆಯ ಆಟಗಾರರನ್ನು ಕೇಳುತ್ತಾರೆ, ಹಿಂದಿನವರು ತಂದವರು ಬೆಂಚಿನ ಮೇಲೆ ಕೂರುತ್ತಾರೆ, ಮುಂದಿನ ಬಿಡುವಿನಲ್ಲಿ ಮತ್ತೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಕ್ವಾಡ್ರಾಟ್ ಅವರ ಬಳಿ ಹಿಂದೆ ಸಹಾಯಕರಾಗಿದ್ದ ಜೆರಾರ್ಡ್ ಝರಗೋಝಾ ಅವರನ್ನು 2023ರ ಡಿಸೆಂಬರ್‌ನಲ್ಲಿ ಕರೆತಂದಾಗ ತಂಡ ಹಳೆಯ ದಾರಿಗೆ ಮರಳಿತು ಎಂದು ನನಗೆ ಸಮಾಧಾನವಾಗಿತ್ತು.

ಚೆಟ್ರಿ ಅವರ ಬಳಿಕ ಯಾರು?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು, ತಂಡ ಪ್ರತಿ ಬಿಡುವಿನಲ್ಲೂ ಮುಂದಕ್ಕೆ ತಳ್ಳುತ್ತ ಬಂದಿರುವ ಪ್ರಶ್ನೆಯೂ ಇದೇ. 1984ರ ಆಗಸ್ಟ್ 3ರಂದು ಹುಟ್ಟಿದ ಸುನಿಲ್ ಚೆಟ್ರಿ ತಮ್ಮ ನಲವತ್ತನೇ ವಯಸ್ಸಿನಲ್ಲಿ, 2024-25ರ ಐಎಸ್‌ಎಲ್‌ನಲ್ಲಿ, 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. 2024ರ ಜೂನ್‌ನಲ್ಲಿ ಕುವೈತ್ ವಿರುದ್ಧದ ಪಂದ್ಯದೊಂದಿಗೆ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದವರನ್ನು 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡವೇ ಮರಳಿ ಕರೆಯಬೇಕಾಯಿತು. ಅವರ ಶಿಸ್ತಿಗೆ, ಅವರ ದೇಹವನ್ನು ಅವರು ಕಾಪಾಡಿಕೊಂಡ ಬಗೆಗೆ ನನ್ನ ಗೌರವ ಹೇಳತೀರದು. ಆದರೆ ಈ ಅಂಕಿಅಂಶಗಳನ್ನು ಓದುವಾಗ ಸಂತೋಷದ ಜೊತೆಗೆ ಆತಂಕವೂ ಆಗುತ್ತದೆ.

ತಂಡ ಪ್ರಯತ್ನಿಸಿಲ್ಲವೆಂದಲ್ಲ. 2022-23ರ ಆ ಎಂಟು ಗೆಲುವುಗಳ ಕಾಲದಲ್ಲಿ ಯುವ ಆಟಗಾರ ಶಿವಶಕ್ತಿ ನಾರಾಯಣನ್ ಮೊದಲ ಹನ್ನೊಂದರಲ್ಲಿ ಆಡುತ್ತಿದ್ದರು, ಚೆಟ್ರಿ ಬೆಂಚಿನಿಂದ ಎದ್ದು ಬರುತ್ತಿದ್ದರು. ಹಸ್ತಾಂತರ ನಡೆಯಬೇಕಾದದ್ದು ಹಾಗೆಯೇ: ಹಿರಿಯರು ಪಕ್ಕದಲ್ಲಿರುವಾಗಲೇ ಕಿರಿಯರ ಹೆಗಲಿಗೆ ನೊಗ ಬರಬೇಕು. 2023ರಲ್ಲಿ ತಂಡ ಚದುರಿದ ಮೇಲೆ ಗೋಲಿನ ಹೊಣೆ ಮತ್ತೆ ಹಿರಿಯರ ಹೆಗಲಿಗೇ ಮರಳಿತು. ಬೊಡ್ಡೆಯನ್ನು ಅಲುಗಾಡಿಸಿದಾಗ ಹೊಸ ಚಿಗುರಿಗೂ ಪೆಟ್ಟಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಚೆಟ್ರಿಗೆ ಸಮನಾದ ಒಬ್ಬ ಭಾರತೀಯ ಸ್ಟ್ರೈಕರ್‌ನನ್ನು ಮಾರುಕಟ್ಟೆಯಲ್ಲಿ ಕೊಳ್ಳಲು ಸಾಧ್ಯವಿಲ್ಲ, ಏಕೆಂದರೆ ಅಂಥವರು ಇಲ್ಲ. ಬಹುತೇಕ ತಂಡಗಳು ಮುಂಚೂಣಿಯ ಜಾಗವನ್ನು ವಿದೇಶಿಯರಿಗೇ ಕೊಡುವುದರಿಂದ ಆ ಜಾಗದಲ್ಲಿ ಆಡಿ ಬೆಳೆಯುವ ಅವಕಾಶವೇ ನಮ್ಮ ಹುಡುಗರಿಗೆ ಸಿಗುತ್ತಿಲ್ಲ. ಆದ್ದರಿಂದ ಉತ್ತರ ಒಬ್ಬ ವ್ಯಕ್ತಿಯ ಹೆಸರಲ್ಲ. ವಿನೀತ್ ವೆಂಕಟೇಶ್ ಅವರಂಥ ಬೆಂಗಳೂರಿನ ಹುಡುಗ, ತಂಡದ ಕಿರಿಯರ ವಿಭಾಗದಲ್ಲೇ ಬೆಳೆದವರು, 2024-25ರ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದರು. ಅವರಿಗೆ, ಅವರಂಥ ಇನ್ನಿಬ್ಬರಿಗೆ, ಪ್ರತಿ ಋತುವಿನಲ್ಲಿ ಇಷ್ಟು ನಿಮಿಷ ಆಟ ಕೊಡಲೇಬೇಕು ಎಂದು ಬಿಡುವಿನಲ್ಲೇ ಕುಳಿತು ನಿರ್ಧರಿಸಿದರೆ ಮಾತ್ರ ಈ ಪ್ರಶ್ನೆ ಕರಗುತ್ತದೆ.

ವಿದೇಶಿ ಆಟಗಾರರನ್ನು ಆರಿಸುವಾಗ ತಂಡ ಏನನ್ನು ನೋಡಬೇಕು?

2021-22ರಿಂದ ಐಎಸ್‌ಎಲ್‌ನಲ್ಲಿ ಒಂದು ತಂಡದ ಪರವಾಗಿ ಒಮ್ಮೆಗೆ ನಾಲ್ವರು ವಿದೇಶಿಯರು ಮಾತ್ರ ಮೈದಾನದಲ್ಲಿರಬಹುದು. ಆ ನಾಲ್ಕು ಜಾಗಗಳು ಬಹಳ ಬೆಲೆಯುಳ್ಳವು, ಒಂದೊಂದು ತಪ್ಪು ಆಯ್ಕೆಯೂ ಇಡೀ ವರ್ಷ ಕಾಡುತ್ತದೆ. ಯುರೋಪಿನ ದೊಡ್ಡ ತಂಡದಲ್ಲಿ ಹಿಂದೊಮ್ಮೆ ಆಡಿದ್ದರು ಎಂಬ ಹೆಸರಿಗಿಂತ, ಇಲ್ಲಿಯ ಸೆಕೆಯಲ್ಲಿ ಓಡಬಲ್ಲರೇ, ಎರಡು ಮೂರು ವರ್ಷ ನಿಲ್ಲುವ ಮನಸ್ಸಿದೆಯೇ ಎಂಬುದನ್ನು ನೋಡಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ನಾನು ಇಷ್ಟು ಹೊತ್ತು ಬೈದ 2023ರ ಬಿಡುವಿನಲ್ಲೇ ಇದೆ. ಆ ವರ್ಷ ಆಸ್ಟ್ರೇಲಿಯಾದಿಂದ ಬಂದ ರಯಾನ್ ವಿಲಿಯಮ್ಸ್ ಇಲ್ಲಿಯೇ ನೆಲೆಸಿ, 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪೌರತ್ವ ಪಡೆದರು. ಅವರ ತಾಯಿಯ ಮೂಲ ಮುಂಬೈ. ಅಜ್ಜ ಬಾಂಬೆ ಪರವಾಗಿ, ರಾಜ್ಯ ತಂಡಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯಲ್ಲಿ ಆಡಿದವರು. ತಂಡದ ಲೆಕ್ಕದಲ್ಲಿ ಇದರಿಂದ ಒಂದು ವಿದೇಶಿ ಜಾಗ ತೆರವಾಯಿತು, ದೇಶದ ಲೆಕ್ಕದಲ್ಲಿ ಒಬ್ಬ ಆಟಗಾರ ಸಿಕ್ಕಿದರು. ಉಳಿಸಿಕೊಂಡದ್ದರಿಂದ ಬಂದ ಲಾಭ ಇದು.

2025ರ ಬಿಡುವಿನಲ್ಲಿ ಆಟಗಾರರ ಸಂಬಳ ನಿಲ್ಲಿಸಿದ್ದನ್ನು ನೀವು ಒಪ್ಪುತ್ತೀರಾ?

ಮೊದಲು ನಡೆದದ್ದನ್ನು ಹೇಳುತ್ತೇನೆ. ಐಎಸ್‌ಎಲ್ ನಡೆಸುವ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ಗೂ ಇದ್ದ ಹಕ್ಕುಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ನವೀಕರಣ ಆಗದ ಕಾರಣ ಜುಲೈನಲ್ಲಿ ಮುಂದಿನ ಲೀಗನ್ನು ತಡೆಹಿಡಿಯಲಾಯಿತು. ಲೀಗ್ ಯಾವಾಗ, ಯಾವ ರೂಪದಲ್ಲಿ ನಡೆಯುತ್ತದೆ ಎಂಬುದು ಯಾವ ತಂಡಕ್ಕೂ ತಿಳಿಯದಾಯಿತು. ಆಗಸ್ಟ್ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ಪುರುಷರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳು ಮತ್ತು ತರಬೇತಿ ಶಾಲೆಗಳು ಮುಂದುವರಿಯುತ್ತವೆ ಎಂದೂ ಹೇಳಿತು.

ಕಿರಿಯರನ್ನು ಕೈಬಿಡದಿದ್ದದ್ದಕ್ಕೆ ತಂಡವನ್ನು ಮೆಚ್ಚುತ್ತೇನೆ. ಆದರೆ ಸಂಬಳದ ತೀರ್ಮಾನವನ್ನು ಒಪ್ಪಲಾರೆ. ಟಿಕೆಟ್ಟಿಲ್ಲ, ಪ್ರಸಾರವಿಲ್ಲ, ಪ್ರಾಯೋಜಕರಿಲ್ಲ, ಹಣ ಬರುವ ದಾರಿಗಳೆಲ್ಲ ಮುಚ್ಚಿದ್ದವು ಎಂಬುದು ನಿಜ. ಅನಿಶ್ಚಿತತೆಯನ್ನು ತಂಡ ಸೃಷ್ಟಿಸಲಿಲ್ಲ ಎಂಬುದೂ ನಿಜ. ಆದರೂ ಫುಟ್‌ಬಾಲ್ ಆಟಗಾರನ ದುಡಿಮೆಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಚೆಟ್ರಿಯಂಥವರು ಹೇಗೋ ತಡೆದುಕೊಂಡಾರು. ಮಣಿಪುರದಿಂದಲೋ ಮಿಜೋರಾಂನಿಂದಲೋ ಬಂದು, ಮನೆಗೆ ತಿಂಗಳು ತಿಂಗಳೂ ಹಣ ಕಳುಹಿಸುವ ಇಪ್ಪತ್ತರ ಹುಡುಗನಿಗೆ, ಮಸಾಜ್ ಮಾಡುವ, ಕಿಟ್ ನೋಡಿಕೊಳ್ಳುವ ಸಿಬ್ಬಂದಿಗೆ ಎರಡು ತಿಂಗಳೂ ದೊಡ್ಡದು. ದೇಶದ ದೊಡ್ಡ ಉದ್ಯಮ ಸಮೂಹವೊಂದರ ಒಡೆತನದಲ್ಲಿರುವ ತಂಡ, ಕಡಿಮೆ ಸಂಬಳದವರಿಗಾದರೂ ಪೂರ್ತಿಯಾಗಿ ಕೊಟ್ಟು ಹೆಚ್ಚಿನವರಿಗೆ ಮಾತ್ರ ತಡೆಹಿಡಿಯಬಹುದಾಗಿತ್ತು. ಇದು ನ್ಯಾಯದ ಮಾತಷ್ಟೇ ಅಲ್ಲ, ಆಟದ ಮಾತೂ ಹೌದು: ಕಷ್ಟದಲ್ಲಿ ತನ್ನನ್ನು ನೋಡಿಕೊಂಡ ತಂಡವನ್ನು ಆಟಗಾರ ಒಪ್ಪಂದ ಮುಗಿದಾಗ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಹೊಸ ಆಟಗಾರರ ಬಗ್ಗೆ ಹಬ್ಬುವ ಸುದ್ದಿಗಳನ್ನು ನಂಬಬಹುದೇ?

ತಂಡವೇ ಪ್ರಕಟಿಸುವವರೆಗೆ ನಾನು ನಂಬುವುದಿಲ್ಲ.

ತಂಡದ ಅಕಾಡೆಮಿಯಿಂದ ನಮ್ಮ ಭಾಗದ ಹುಡುಗರಿಗೆ ಏನು ಪ್ರಯೋಜನ?

ಬೆಂಗಳೂರು ಎಫ್‌ಸಿಯ ವಸತಿಸಹಿತ ಅಕಾಡೆಮಿ ಇರುವುದು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಆವರಣದ ಬಳಿ. ಬೆಂಗಳೂರಿಗಿಂತ ಅದು ನಮಗೆ ಹತ್ತಿರ. ತಂಡದ ಕಿರಿಯರು 2022ರ ಮೊದಲ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದ್ದಾರೆ, ಆದ್ದರಿಂದ ಅಲ್ಲಿಯ ತರಬೇತಿಯ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ.

ನನ್ನ ಬೇಡಿಕೆ ಬೇರೆ. ಬೆಳಗಾವಿಯಲ್ಲಿ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರ, ಕ್ಯಾಂಪಿನ ಹಳೆಯ ಶಾಲೆಗಳು, ಗೋವಾದ ಗಾಳಿ ಇವೆಲ್ಲ ಸೇರಿ ಈ ಊರಿಗೆ ಆಟದ ಹುಚ್ಚು ಹಿಡಿಸಿ ತಲೆಮಾರುಗಳಾಗಿವೆ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲೂ ಆಡುವ ಹುಡುಗರು ಇಲ್ಲಿದ್ದಾರೆ. ಅವರಲ್ಲಿ ಒಬ್ಬನಿಗೆ ಒಳ್ಳೆಯ ಕಾಲಿದೆ ಎಂದು ಕಂಡರೆ ತಂದೆತಾಯಿಗೆ ಮೊದಲು ಹೊಳೆಯುವುದು ಗೋವಾದ ಕ್ಲಬ್ಬುಗಳು, ಬೆಂಗಳೂರಿನದಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯದಲ್ಲಿ ಆಟಗಾರರಿದ್ದಾರೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಪ್ರತಿ ಬಿಡುವಿನಲ್ಲಿ ತಂಡದ ಆಯ್ಕೆಗಾರರು ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆಗಳಲ್ಲಿ ಎರಡೆರಡು ದಿನ ನಿಂತು ಹದಿಮೂರು ಹದಿನಾಲ್ಕರ ಹುಡುಗರನ್ನು ನೋಡಲಿ. ಒಬ್ಬ ಸಾಧಾರಣ ವಿದೇಶಿ ಆಟಗಾರನ ಒಂದು ತಿಂಗಳ ಸಂಬಳದಲ್ಲಿ ಆಗುವ ಕೆಲಸ ಇದು.

ಬಿಡುವಿನ ಅವಧಿ ಮುಗಿದಾಗ ನೀವು ಮೊದಲು ನೋಡುವುದು ಏನನ್ನು?

ಬಂದವರ ಪಟ್ಟಿಯನ್ನಲ್ಲ, ಹೋದವರ ಪಟ್ಟಿಯನ್ನು. ಹಿಂದಿನ ವರ್ಷ ಅತಿ ಹೆಚ್ಚು ನಿಮಿಷ ಆಡಿದ ಹನ್ನೊಂದು ಮಂದಿಯ ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡು, ಹೊರಟವರ ಹೆಸರನ್ನು ಹೊಡೆದುಹಾಕುತ್ತ ಹೋಗುತ್ತೇನೆ. ಎಂಟು ಹೆಸರು ಉಳಿದರೆ ನೆಮ್ಮದಿ. ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್‌ಗಳು, ನಡುವಿನ ಮಿಡ್‌ಫೀಲ್ಡರ್ ಈ ನಾಲ್ವರಲ್ಲಿ ಇಬ್ಬರು ಒಟ್ಟಿಗೆ ಹೋಗಿದ್ದರೆ, ಬಂದವರು ಎಷ್ಟೇ ಹೆಸರುವಾಸಿಗಳಾದರೂ ಮೊದಲ ಎರಡು ತಿಂಗಳ ಮಟ್ಟಿಗೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳುವುದಿಲ್ಲ. 2023ರ ಹಾಳೆ ನನ್ನ ಮೇಜಿನ ಖಾನೆಯಲ್ಲಿ ಈಗಲೂ ಇದೆ. ಪ್ರತಿ ವರ್ಷದ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುತ್ತೇನೆ.